ಮರದ ತಿರುಳಿನಿಂದ ಜೈವಿಕ ಎಥೆನಾಲ್: ಶಿಲೀಂಧ್ರದ ಕಿಣ್ವ ಬಳಸುವವರಿಗೆ ಹಂತ ಹಂತದ ಮಾರ್ಗದರ್ಶಿ

ಪ್ರಾಜೆಕ್ಟ್ ವರದಿ ಒಪ್ಪಿಸುವ ದಿನ ಹತ್ತಿರವಾದಂತೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ವಿಜ್ಞಾನ ವಿದ್ಯಾರ್ಥಿಗಳು ಒಂದೇ ದೂರನ್ನು ಹೊತ್ತು ಬರುತ್ತಾರೆ. ತಿರುಳು (ಕಾಗದ ಮಾಡಲು ಬಳಸುವ ಮರದ ನಾರು) ಹಾಕಿದೆವು, ಅದನ್ನು ಸಕ್ಕರೆಯಾಗಿ ಒಡೆಯುವ ಕಿಣ್ವ ಹಾಕಿದೆವು, ಸಕ್ಕರೆಯನ್ನು ಎಥೆನಾಲ್ ಆಗಿಸುವ ಯೀಸ್ಟ್ ಹಾಕಿದೆವು, ಬಟ್ಟಿ ಇಳಿಸಿದರೆ ಬರೀ ನೀರು ಬಂತು ಎನ್ನುವುದೇ ಆ ದೂರು. ತಪ್ಪನ್ನೆಲ್ಲ ಯೀಸ್ಟಿನ ತಲೆಗೆ ಕಟ್ಟುವುದು ರೂಢಿಯಾಗಿದೆ. ಆದರೆ ನಾನು ನೋಡಿದ ಹೆಚ್ಚಿನ ಸಂದರ್ಭಗಳಲ್ಲಿ ಕೆಲಸ ಕೆಟ್ಟಿದ್ದು ಯೀಸ್ಟಿನ ಪೊಟ್ಟಣ ಒಡೆಯುವುದಕ್ಕೆ ಎಷ್ಟೋ ಮೊದಲು, ತಿರುಳನ್ನು ಬಿಸಿಲಿಗೆ ಹರವಿದ ದಿನ ಅಥವಾ ಕಿಣ್ವದ ಬಲವನ್ನು ಅಳೆಯದೆ ಸುರಿದ ದಿನ. ಆದ್ದರಿಂದ ಇಲ್ಲಿ ಮೊದಲಿನ ಹಂತಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಬಟ್ಟಿ ಇಳಿಸುವ ಭಾಗ ಚಿಕ್ಕದಾಗಿಯೇ ಇದೆ.

ಇಡೀ ವಿವರಣೆಯನ್ನು 50 ಗ್ರಾಂ ಒಣ ತೂಕದ ತಿರುಳು ಮತ್ತು ಸುಮಾರು 1 ಲೀಟರ್ ದ್ರವ ಎಂಬ ಅಳತೆಗೆ ಹೊಂದಿಸಿದೆ. ಬಿಳುಪು ಮಾಡಿದ ಒಳ್ಳೆಯ ತಿರುಳಿನಲ್ಲಿ ಸೆಲ್ಯುಲೋಸ್ (ಗ್ಲೂಕೋಸ್ ಅಣುಗಳ ಉದ್ದ ಸರಪಳಿ) ಸುಮಾರು ಶೇ. 78ರಷ್ಟಿದ್ದರೆ 50 ಗ್ರಾಂನಲ್ಲಿ 39 ಗ್ರಾಂ ಸೆಲ್ಯುಲೋಸ್ ಇರುತ್ತದೆ. ಕಿಣ್ವ ಅದನ್ನು ಒಡೆಯುವಾಗ ನೀರಿನ ಅಣು ಸೇರಿಕೊಳ್ಳುವುದರಿಂದ 1 ಗ್ರಾಂ ಸೆಲ್ಯುಲೋಸ್ 1.11 ಗ್ರಾಂ ಗ್ಲೂಕೋಸ್ ಆಗುತ್ತದೆ, 1 ಗ್ರಾಂ ಗ್ಲೂಕೋಸ್ ಹೆಚ್ಚೆಂದರೆ 0.511 ಗ್ರಾಂ ಎಥೆನಾಲ್ ಕೊಡುತ್ತದೆ. ಸೆಲ್ಯುಲೋಸ್‌ನ ಮುಕ್ಕಾಲು ಪಾಲು ಒಡೆದು, ಯೀಸ್ಟ್ ಕೂಡ ಚೆನ್ನಾಗಿ ಕೆಲಸ ಮಾಡಿದರೆ ಕೊನೆಗೆ ಕೈಗೆ ಸಿಗುವುದು 15 ಗ್ರಾಂ ಆಸುಪಾಸು. ಲೀಟರಿಗೆ 15 ಗ್ರಾಂ ಎಂದರೆ ಬಹಳ ತೆಳು ದ್ರಾವಣ. ಬೆಲ್ಲದ ನೀರು ಹುದುಗಿದಂತೆ ಘಮ್ಮೆಂದು ಬರುತ್ತದೆ ಎಂಬ ನಿರೀಕ್ಷೆ ಇಟ್ಟುಕೊಂಡವರು, ಕೆಲಸ ಸರಿಯಾಗಿಯೇ ಆಗಿದ್ದರೂ ಸೋತೆವೆಂದು ಚೆಲ್ಲಿಬಿಡುತ್ತಾರೆ.

## ಆರಂಭಕ್ಕೆ ಮುನ್ನ

ಪರವಾನಗಿಯಿಲ್ಲದೆ ಮದ್ಯಸಾರವನ್ನು ಬಟ್ಟಿ ಇಳಿಸುವುದು ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಅಪರಾಧ. ಉದ್ದೇಶ ಇಂಧನವೋ ಪ್ರಯೋಗವೋ ಎಂಬ ಸಮಜಾಯಿಷಿ ಮನೆಯ ಹಿತ್ತಲಿನಲ್ಲಿ ನಡೆಯುವುದಿಲ್ಲ. ಈ ಕೆಲಸವನ್ನು ಸಂಸ್ಥೆಯ ಪ್ರಯೋಗಾಲಯದಲ್ಲಿ, ಮುಖ್ಯಸ್ಥರ ಲಿಖಿತ ಒಪ್ಪಿಗೆ ಪಡೆದು, ಅಬಕಾರಿ ಇಲಾಖೆಯಿಂದ ಏನಾದರೂ ಅನುಮತಿ ಬೇಕಾಗುತ್ತದೆಯೇ ಎಂದು ಸಂಸ್ಥೆಯ ಮೂಲಕವೇ ಕೇಳಿಕೊಂಡು ಮಾಡಬೇಕು. ಬಂದ ದ್ರವವನ್ನು ಯಾರೂ ನಾಲಿಗೆಗೆ ತಾಗಿಸಬಾರದು.

ಬೇಕಾಗುವ ಮುಖ್ಯ ಸಲಕರಣೆಗಳು ಇವು: ಆಟೋಕ್ಲೇವ್, ಉಷ್ಣತೆ ಹಿಡಿದಿಡುವ ಶೇಕರ್, ಪಿಎಚ್ ಮೀಟರ್, ದಶಮಾಂಶದ ಎರಡು ಸ್ಥಾನ ತೋರಿಸುವ ತಕ್ಕಡಿ, 105 ಡಿಗ್ರಿ ಸೆಲ್ಸಿಯಸ್‌ನ ಓವನ್, ಸೆಂಟ್ರಿಫ್ಯೂಜ್, ಬಣ್ಣದ ಗಾಢತೆ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಮತ್ತು ಗಾಜಿನ ಬಟ್ಟಿ ಜೋಡಣೆ. ಇವುಗಳಲ್ಲಿ ಯಾವುದನ್ನಾದರೂ ಎರವಲು ತರಬಹುದು, ಪಿಎಚ್ ಮೀಟರ್ ಮಾತ್ರ ಪಕ್ಕದಲ್ಲೇ ಇರಬೇಕು. ಬಣ್ಣದ ಕಾಗದದ ಪಟ್ಟಿಯಲ್ಲಿ 4.8 ಮತ್ತು 5.5ರ ವ್ಯತ್ಯಾಸ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಕಿಣ್ವಕ್ಕೆ ಆ ವ್ಯತ್ಯಾಸ ದೊಡ್ಡದು.

ಸಮಯದ ವಿಷಯದಲ್ಲಿ ಒಂದು ಮಾತು. ಶಿಲೀಂಧ್ರ ಬೆಳೆದು ಕಿಣ್ವ ಕೈಗೆ ಬರಲು ಎರಡು ವಾರ ಹಿಡಿಯುತ್ತದೆ. ಆದ್ದರಿಂದ ಓದುವಾಗ ತಿರುಳು ಮೊದಲು ಬಂದರೂ ಕೆಲಸದಲ್ಲಿ ಮೂರನೆಯ ಹಂತವನ್ನು ಮೊದಲೇ ಹೂಡಿ, ಅದು ಬೆಳೆಯುವಷ್ಟರಲ್ಲಿ ತಿರುಳಿನ ಕೆಲಸ ಮುಗಿಸಬೇಕು.

## ಹಂತ 1: ತಿರುಳನ್ನು ಆರಿಸುವುದು, ತೊಳೆಯುವುದು, ಒದ್ದೆಯಾಗಿಯೇ ಇಡುವುದು

ಮಲೆನಾಡಿನಲ್ಲಿ ಮರಕ್ಕೆ ಕೊರತೆಯಿಲ್ಲ ಎಂದು ಸಾಮಿಲ್ಲಿನ ಹೊಟ್ಟನ್ನು ಚೀಲ ತುಂಬಿ ತರುವವರಿದ್ದಾರೆ. ಅದು ತಿರುಳಲ್ಲ. ಮರದಲ್ಲಿ ಸೆಲ್ಯುಲೋಸಿನ ಎಳೆಗಳನ್ನು ಲಿಗ್ನಿನ್ ಎಂಬ ವಸ್ತು ಗಾರೆಯಂತೆ ಹಿಡಿದುಕೊಂಡಿರುತ್ತದೆ. ನೀಲಗಿರಿಯಂಥ ಮರದಲ್ಲಿ ಇದು ತೂಕದ ಕಾಲು ಭಾಗಕ್ಕೂ ಮೀರಬಹುದು. ಕ್ಷಾರದಲ್ಲಿ ಬೇಯಿಸಿ ಲಿಗ್ನಿನ್ ತೆಗೆದ ಮೇಲೆ ಉಳಿಯುವ ನಾರು ಮಾತ್ರ ತಿರುಳು. ಹೊಟ್ಟಿಗೆ ನೇರವಾಗಿ ಕಿಣ್ವ ಸುರಿದರೆ ವಾರವಾದರೂ ಹೊಟ್ಟು ಹೊಟ್ಟಾಗಿಯೇ ಇರುತ್ತದೆ. ಅಡಿಕೆ ಸಿಪ್ಪೆಗೂ ಇದೇ ಮಾತು ಅನ್ವಯಿಸುತ್ತದೆ.

ಹೊಟ್ಟನ್ನು ನಾವೇ ಕಾಸ್ಟಿಕ್ ಸೋಡಾ ಹಾಕಿ ಮನೆಯ ಕುಕ್ಕರಿನಲ್ಲಿ ಬೇಯಿಸುತ್ತೇವೆ ಎಂಬ ಯೋಚನೆಯನ್ನು ಅಲ್ಲಿಗೇ ಬಿಡಬೇಕು. ಅಲ್ಯೂಮಿನಿಯಂ ಕುಕ್ಕರನ್ನು ಕಾಸ್ಟಿಕ್ ಸೋಡಾ ತಿನ್ನುತ್ತದೆ, ತಿನ್ನುವಾಗ ಹೈಡ್ರೋಜನ್ ಅನಿಲ ಬಿಡುಗಡೆಯಾಗುತ್ತದೆ. ಮುಚ್ಚಿದ ಪಾತ್ರೆ, ಒಳಗೆ ಒತ್ತಡ, ಕೆಳಗೆ ಬೆಂಕಿ ಇರುವಲ್ಲಿ ಆ ಅನಿಲ ಏನು ಮಾಡಬಲ್ಲದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ತಿರುಳನ್ನು ಕಾರ್ಖಾನೆಯಿಂದಲೇ ಪಡೆಯುವುದು ಸರಿಯಾದ ದಾರಿ. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತು ವರ್ಷಗಳಾದವು, ಅಲ್ಲಿಗೆ ಹೋಗಿ ಪ್ರಯೋಜನವಿಲ್ಲ. ಮರದಿಂದಲೇ ತಿರುಳು ತಯಾರಿಸುವ ಕಾರ್ಖಾನೆ ದಾಂಡೇಲಿಯಲ್ಲಿದೆ. ಇಂಥ ಕಡೆಗೆ ಸಂಸ್ಥೆಯ ಪತ್ರದೊಂದಿಗೆ ಕೇಳಬೇಕು. ಕೇಳುವಾಗ ‘ಒಮ್ಮೆಯೂ ಒಣಗಿಸದ, ಬಿಳುಪು ಮಾಡಿದ ತಿರುಳು’ ಎಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆಯಬೇಕು. ಬರೆಯದಿದ್ದರೆ ಗಟ್ಟಿ ಹಾಳೆ ಬರುತ್ತದೆ.

ಒಣಗಿಸಬಾರದು ಎಂಬುದಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಒದ್ದೆ ನಾರಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ ಮತ್ತು ಕಿಣ್ವ ಒಳಗೆ ನುಸುಳುವುದು ಈ ರಂಧ್ರಗಳ ಮೂಲಕವೇ. ನೀರು ಆರಿದಾಗ ರಂಧ್ರಗಳು ಮುಚ್ಚಿ, ಅಕ್ಕಪಕ್ಕದ ಸೆಲ್ಯುಲೋಸ್ ಎಳೆಗಳು ಪರಸ್ಪರ ಅಂಟಿಕೊಳ್ಳುತ್ತವೆ. ಮತ್ತೆ ನೆನೆಸಿದರೂ ಅವು ಪೂರ್ತಿಯಾಗಿ ಬಿಡಿಸಿಕೊಳ್ಳುವುದಿಲ್ಲ. ಒಮ್ಮೆ ಇಬ್ಬರು ವಿದ್ಯಾರ್ಥಿಗಳು ದೂರದಿಂದ ಕಷ್ಟಪಟ್ಟು ತಂದ ಒಳ್ಳೆಯ ತಿರುಳನ್ನು, ಬೂಷ್ಟು ಹಿಡಿದೀತೆಂಬ ಹೆದರಿಕೆಗೆ, ಊರಿನ ಅಡಿಕೆ ಅಂಗಳದಲ್ಲಿ ಮೂರು ದಿನ ಬಿಸಿಲಿಗೆ ಹಾಕಿ, ಹಪ್ಪಳದಂತೆ ಗರಿಗರಿ ಮಾಡಿ, ಡಬ್ಬಿಯಲ್ಲಿ ತುಂಬಿ ತಂದಿದ್ದರು. ಮುರಿದರೆ ಟಪ್ಪೆಂದು ಸದ್ದು ಬರುತ್ತಿತ್ತು. ಅಡಿಕೆಗೆ ಒಳ್ಳೆಯದಾದದ್ದು ತಿರುಳಿಗೆ ಒಳ್ಳೆಯದಲ್ಲ. ಅವರ ಫ್ಲಾಸ್ಕಿನಲ್ಲಿ ಎರಡನೆಯ ದಿನವೂ ನಾರು ಹಾಗೆಯೇ ತಳದಲ್ಲಿ ಕೂತಿತ್ತು.

ಬಂದ ತಿರುಳನ್ನು ಹೀಗೆ ಸಿದ್ಧಪಡಿಸಬೇಕು.

1. ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ತಿರುಳಿನ ಹತ್ತು ಪಟ್ಟು ನೀರು ಹಾಕಿ ಕಲಕಿ, ಬಟ್ಟೆಯಲ್ಲಿ ಸೋಸಿ ಹಿಂಡಬೇಕು. ಹಿಂಡಿದ ನೀರು ಬಣ್ಣವಿಲ್ಲದೆ, ಬಾಟಲಿಯಲ್ಲಿ ಕುಲುಕಿದರೂ ನೊರೆ ನಿಲ್ಲದೆ, ಪಿಎಚ್ 7ರ ಹತ್ತಿರ ಬರುವವರೆಗೆ ಇದನ್ನು ಮರಳಿ ಮಾಡಬೇಕು. ನೊರೆ ನಿಂತರೆ ಬೇಯಿಸಿದ ಕಪ್ಪು ದ್ರವದ ಅಂಶ ಇನ್ನೂ ಉಳಿದಿದೆ ಎಂದರ್ಥ.

2. ಗಂಟುಗಳನ್ನು ಕೈಯಿಂದ ಬಿಡಿಸಿ, ನೀರಿನೊಂದಿಗೆ ಮಿಕ್ಸಿಯಲ್ಲಿ ಕೆಲವೇ ಸೆಕೆಂಡು ತಿರುಗಿಸಬೇಕು. ಮೊಸರನ್ನದ ಹದಕ್ಕೆ ಬಂದರೆ ಸಾಕು.

3. ನೀರು ತೊಟ್ಟಿಕ್ಕದಷ್ಟು ಹಿಂಡಿ, ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ತೆಗೆದು ಕಟ್ಟಿ, ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿ ಇಡಬೇಕು. ತಿಂಗಳುಗಟ್ಟಲೆ ಇಡದೆ ಬೇಗ ಬಳಸಬೇಕು.

ತೊಳೆಯಲು ಬೋರ್ಡೋ ದ್ರಾವಣ ಕಲಸಿದ ಡ್ರಮ್ಮು ಅಥವಾ ಬಕೆಟ್ಟನ್ನು ಯಾವ ಕಾರಣಕ್ಕೂ ಬಳಸಬಾರದು. ತೋಟವಿರುವ ಮನೆಯಲ್ಲಿ ಖಾಲಿ ಸಿಗುವ ಡ್ರಮ್ಮು ಸಾಮಾನ್ಯವಾಗಿ ಅದೇ ಆಗಿರುತ್ತದೆ, ಅದರ ಗೋಡೆಗೆ ಅಂಟಿದ ತಾಮ್ರ ಕಿಣ್ವಕ್ಕೂ ಯೀಸ್ಟಿಗೂ ವಿಷ.

ಒಣ ಹಾಳೆಯ ಹೊರತು ಬೇರೇನೂ ಸಿಗದಿದ್ದರೆ, ಅದನ್ನು ಕತ್ತರಿಸದೆ ಕೈಯಿಂದ ಹರಿದು, ರಾತ್ರಿಯಿಡೀ ನೆನೆಸಿ ಬಿಡಿಸಿಕೊಳ್ಳಬಹುದು. ಫಲಿತಾಂಶ ಕಡಿಮೆ ಬರುತ್ತದೆ ಎಂದು ವರದಿಯಲ್ಲಿ ಮೊದಲೇ ಬರೆದಿಡುವುದು ಒಳ್ಳೆಯದು. ಜೆರಾಕ್ಸ್ ಕಾಗದದ ಚೂರು ಬಳಸುವವರಿಗೆ ಇನ್ನೊಂದು ತೊಡಕಿದೆ. ಅದರಲ್ಲಿ ತುಂಬುಪದಾರ್ಥವಾಗಿ ಸುಣ್ಣದ ಕಲ್ಲಿನ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಇರುತ್ತದೆ. ಆಮ್ಲ ಹಾಕಿದ ಕೂಡಲೇ ಬುಸಬುಸನೆ ಗುಳ್ಳೆ ಬಂದರೆ ಅದೇ ಗುರುತು. ಗುಳ್ಳೆ ನಿಲ್ಲುವವರೆಗೆ ದುರ್ಬಲ ಆಮ್ಲದಲ್ಲಿ ತೊಳೆಯದೆ ಮುಂದುವರಿದರೆ ಬಫರ್ (ಪಿಎಚ್ ಸ್ಥಿರವಾಗಿಡುವ ದ್ರಾವಣ) ಎಷ್ಟು ಹಾಕಿದರೂ ಪಿಎಚ್ ಮೇಲೇರುತ್ತಲೇ ಇರುತ್ತದೆ.

## ಹಂತ 2: ತೇವಾಂಶ ಲೆಕ್ಕ

ಹಿಂಡಿದ ತಿರುಳಿನಿಂದ ಸುಮಾರು 5 ಗ್ರಾಂ ತೂಗಿ, 105 ಡಿಗ್ರಿಯ ಓವನ್ನಿನಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ, ಮತ್ತೆ ತೂಗಬೇಕು. 5 ಗ್ರಾಂ ಹೋಗಿ 1.25 ಗ್ರಾಂ ಉಳಿದರೆ ತೇವಾಂಶ ಶೇ. 75. ಆಗ 50 ಗ್ರಾಂ ಒಣ ತಿರುಳು ಬೇಕೆಂದರೆ 200 ಗ್ರಾಂ ಒದ್ದೆ ತಿರುಳು ತೂಗಬೇಕು, ಅದರೊಂದಿಗೆ ಬರುವ 150 ಮಿ.ಲೀ. ನೀರನ್ನೂ ಒಟ್ಟು ಲೆಕ್ಕಕ್ಕೆ ಸೇರಿಸಬೇಕು. ಈ ನೀರನ್ನು ಮರೆಯುವುದರಿಂದ ಬಫರ್ ತೆಳುವಾಗುವ ತಪ್ಪು ತುಂಬ ಸಾಮಾನ್ಯ. ಅಳೆಯಲು ಒಣಗಿಸಿದ ಆ ಚೂರನ್ನು ಮತ್ತೆ ಕವರಿಗೆ ಸೇರಿಸದೆ ಎಸೆಯಬೇಕು.

## ಹಂತ 3: ಶಿಲೀಂಧ್ರವನ್ನು ಬೆಳೆಸುವುದು

ಬೇಕಾದದ್ದು ಎರಡು ಶಿಲೀಂಧ್ರ. ಟ್ರೈಕೋಡರ್ಮಾ ರೀಸೈ ಸೆಲ್ಯುಲೋಸ್ ಸರಪಳಿಯನ್ನು ನಡುವೆ ತುಂಡರಿಸುವ ಮತ್ತು ತುದಿಯಿಂದ ಎರಡೆರಡು ಗ್ಲೂಕೋಸ್ ಜೋಡಿಯಾಗಿ ಕಡಿಯುವ ಕಿಣ್ವಗಳನ್ನು ಧಾರಾಳವಾಗಿ ಸ್ರವಿಸುತ್ತದೆ. ಸೆಲ್ಲೋಬಯೋಸ್ ಎಂಬ ಆ ಜೋಡಿಯನ್ನು ಬಿಡಿಸುವ ಬೀಟಾ-ಗ್ಲೂಕೋಸಿಡೇಸ್ ಮಾತ್ರ ಅದರಲ್ಲಿ ಕಡಿಮೆ. ಜೋಡಿಗಳು ರಾಶಿಯಾದರೆ ಕಡಿಯುವ ಕಿಣ್ವವೇ ನಿಂತುಹೋಗುತ್ತದೆ. ಈ ಕೊರತೆಯನ್ನು ತುಂಬುವುದು ಆಸ್ಪರ್ಜಿಲಸ್ ನೈಗರ್.

ಗೊಬ್ಬರದಂಗಡಿಯಲ್ಲಿ ಸಿಗುವ ಟ್ರೈಕೋಡರ್ಮಾ ಪುಡಿಯನ್ನು ತಂದು ತಿರುಳಿಗೆ ಬೆರೆಸುವವರು ನಮ್ಮ ಕಡೆ ಬಹಳ. ಕಾಳುಮೆಣಸಿನ ಬುಡಕ್ಕೆ ಕೊಟ್ಟಿಗೆ ಗೊಬ್ಬರದೊಂದಿಗೆ ಹಾಕುವ ಆ ಪುಡಿ ಸಾಮಾನ್ಯವಾಗಿ ಬೇರೆ ಪ್ರಭೇದದ್ದು. ರೋಗಕಾರಕ ಶಿಲೀಂಧ್ರವನ್ನು ತಡೆಯಲೆಂದು ಆರಿಸಿದ್ದು. ಅದರಲ್ಲಿರುವುದು ಟಾಲ್ಕ್ ಪುಡಿಗೆ ಅಂಟಿದ ಬೀಜಕಗಳು, ಕಿಣ್ವವಲ್ಲ. ಸರಿಯಾದ ತಳಿಯನ್ನು ಚಂಡೀಗಢದ ಎಂಟಿಸಿಸಿ ಅಥವಾ ಪುಣೆಯ ಎನ್‌ಸಿಐಎಂ ಸೂಕ್ಷ್ಮಜೀವಿ ಸಂಗ್ರಹದಿಂದ ಸಂಸ್ಥೆಯ ಹೆಸರಿನಲ್ಲಿ ತರಿಸಬೇಕು.

1. ಎರಡನ್ನೂ ಪೊಟ್ಯಾಟೊ ಡೆಕ್ಸ್‌ಟ್ರೋಸ್ ಅಗರ್ ಮೇಲೆ 28ರಿಂದ 30 ಡಿಗ್ರಿಯಲ್ಲಿ 5ರಿಂದ 7 ದಿನ ಬೆಳೆಸಬೇಕು. ಟ್ರೈಕೋಡರ್ಮಾ ಮೊದಲು ಬಿಳಿಯಾಗಿ, ಆಮೇಲೆ ಹಸಿರಾಗುತ್ತದೆ, ತಟ್ಟೆಯ ಹಿಂಬದಿ ಹಳದಿ ಕಾಣಬಹುದು. ನೈಗರ್ ಕಪ್ಪು ಬೀಜಕ ಬಿಡುತ್ತದೆ.

2. 500 ಮಿ.ಲೀ. ಫ್ಲಾಸ್ಕಿಗೆ 18 ಗ್ರಾಂ ದಪ್ಪ ಗೋಧಿ ಬೂಸ, ಒಣ ತೂಕದಲ್ಲಿ 2 ಗ್ರಾಂ ತಿರುಳು ಹಾಕಿ, ಖನಿಜ ದ್ರಾವಣವನ್ನು ಚಿಮುಕಿಸಿ ಕಲಸಬೇಕು. ದ್ರಾವಣಕ್ಕೆ ಲೀಟರಿಗೆ ಅಮೋನಿಯಂ ಸಲ್ಫೇಟ್ 1.4 ಗ್ರಾಂ, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 2 ಗ್ರಾಂ, ಯೂರಿಯಾ, ಮೆಗ್ನೀಷಿಯಂ ಸಲ್ಫೇಟ್ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ತಲಾ 0.3 ಗ್ರಾಂ ಸಾಕು. ಒದ್ದೆ ತಿರುಳಿನ ನೀರೂ ಸೇರಿ ಒಟ್ಟು ಸುಮಾರು 30 ಮಿ.ಲೀ. ಆಗಬೇಕು.

3. ಹದ ನೋಡುವುದು ಕೈಯಿಂದಲೇ. ಮುಷ್ಟಿಯಲ್ಲಿ ಒತ್ತಿದರೆ ನೆನೆದ ಗಟ್ಟಿ ಅವಲಕ್ಕಿಯಂತೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು, ಮುಟ್ಟಿದರೆ ಉದುರಬೇಕು. ನೀರು ಹೆಚ್ಚಾದರೆ ಬೂಸ ಅಂಟಿಕೊಂಡು ಗಾಳಿ ಹೋಗುವುದಿಲ್ಲ, ಶಿಲೀಂಧ್ರದ ಬದಲು ಬ್ಯಾಕ್ಟೀರಿಯಾ ಬೆಳೆಯುತ್ತದೆ.

4. 121 ಡಿಗ್ರಿಯಲ್ಲಿ 30 ನಿಮಿಷ ಆಟೋಕ್ಲೇವ್ ಮಾಡಿ, ಪೂರ್ತಿ ತಣಿದ ಮೇಲೆ, ಮಿ.ಲೀ.ಗೆ ಸುಮಾರು 10 ಕೋಟಿ ಬೀಜಕಗಳಿರುವ ನೀರನ್ನು ಫ್ಲಾಸ್ಕಿಗೆ 2 ಮಿ.ಲೀ.ನಂತೆ ಹಾಕಿ ಕಲಸಬೇಕು.

5. 30 ಡಿಗ್ರಿಯಲ್ಲಿ 6ರಿಂದ 7 ದಿನ ಇಡಬೇಕು. ಎರಡನೆಯ ದಿನ ಬೂಸ ಬಿಳಿ ಎಳೆಗಳಿಂದ ಹೆಣೆದುಕೊಂಡಾಗ ಒಮ್ಮೆ ಫ್ಲಾಸ್ಕನ್ನು ತಟ್ಟಿ ಗಂಟು ಒಡೆಯಬೇಕು.

ರೀಸೈ ಐದು ಫ್ಲಾಸ್ಕ್, ನೈಗರ್ ಎರಡು ಫ್ಲಾಸ್ಕ್ ಹೂಡಿಕೊಂಡರೆ ನಮ್ಮ ಅಳತೆಗೆ ಸಾಕು. ಬೆಳವಣಿಗೆ ಚುರುಕಾಗಲಿ ಎಂದು ಬೂಸಕ್ಕೆ ಸಕ್ಕರೆ ಅಥವಾ ಗ್ಲೂಕೋಸ್ ಸೇರಿಸುವುದು ಸದುದ್ದೇಶದ ದೊಡ್ಡ ತಪ್ಪು. ಕೈಗೆಟಕುವ ಸಕ್ಕರೆ ಇರುವಾಗ ಶಿಲೀಂಧ್ರ ಸೆಲ್ಯುಲೋಸ್ ಒಡೆಯುವ ಕಿಣ್ವವನ್ನು ತಯಾರಿಸುವ ಗೋಜಿಗೇ ಹೋಗುವುದಿಲ್ಲ. ಫ್ಲಾಸ್ಕ್ ತುಂಬ ಹಸಿರು ಬೆಳೆದಿದ್ದೂ ಕಿಣ್ವ ಸೊನ್ನೆ ಬರುವುದು ಹೀಗೆ.

ಮಳೆಗಾಲದಲ್ಲಿ ಹತ್ತಿಯ ಮುಚ್ಚಳ ತೇವ ಹೀರಿಕೊಂಡರೆ ಹೊರಗಿನ ಬೂಷ್ಟು ಅದರ ಮೂಲಕವೇ ಒಳಗಿಳಿಯುತ್ತದೆ, ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹತ್ತಿಯ ಮೇಲೆ ಕಾಗದ ಕಟ್ಟುವುದು ಒಳ್ಳೆಯದು. ಹುಳಿ ಅಥವಾ ಕೊಳೆತ ವಾಸನೆ, ಲೋಳೆ, ಅಥವಾ ರೀಸೈ ಫ್ಲಾಸ್ಕಿನಲ್ಲಿ ಕಪ್ಪು ಚುಕ್ಕೆ ಕಂಡರೆ ತೆರೆಯದೆ ಆಟೋಕ್ಲೇವ್ ಮಾಡಿ ಎಸೆಯಬೇಕು. ಬೀಜಕ ಬಿಟ್ಟ ಫ್ಲಾಸ್ಕನ್ನು ಎನ್95 ಮಾಸ್ಕ್ ಇಲ್ಲದೆ ತೆರೆಯಬಾರದು. ಆಸ್ತಮಾ ಇರುವವರು ನೈಗರ್ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು.

## ಹಂತ 4: ಕಿಣ್ವದ ಸಾರ ತೆಗೆದು ಬಲ ಅಳೆಯುವುದು

ಮೊದಲು ಸಿಟ್ರೇಟ್ ಬಫರ್ ಬೇಕು. 210 ಗ್ರಾಂ ಸಿಟ್ರಿಕ್ ಆಮ್ಲದ ಮೊನೊಹೈಡ್ರೇಟನ್ನು 750 ಮಿ.ಲೀ. ನೀರಿನಲ್ಲಿ ಕರಗಿಸಿ, ಪಿಎಚ್ 4.3 ಆಗುವವರೆಗೆ ಕಾಸ್ಟಿಕ್ ಸೋಡಾ ಸೇರಿಸಿ, 1 ಲೀಟರಿಗೆ ತುಂಬಿ, ಬೇಕಿದ್ದರೆ ಇನ್ನಷ್ಟು ಸೋಡಾ ಹಾಕಿ 4.5ಕ್ಕೆ ತರಬೇಕು. ಇದು 1 ಮೋಲಾರ್ ದಾಸ್ತಾನು. ಇದನ್ನು 20 ಪಟ್ಟು ತೆಳು ಮಾಡಿದಾಗ ಪಿಎಚ್ ತಾನಾಗಿ 4.8ರ ಹತ್ತಿರ ಬರುತ್ತದೆ. ದಾಸ್ತಾನನ್ನೇ 4.8ಕ್ಕೆ ತಂದಿಟ್ಟವರಿಗೆ ತೆಳು ಮಾಡಿದ ಮೇಲೆ 5 ದಾಟಿರುವುದು ಕಾಣುತ್ತದೆ.

ಬೆಳೆದ ಬೂಸಕ್ಕೆ ಪ್ರತಿ ಗ್ರಾಂಗೆ 10 ಮಿ.ಲೀ.ನಂತೆ 0.05 ಮೋಲಾರ್ ಬಫರ್ ಹಾಕಿ, ಒಂದು ಗಂಟೆ ನಿಧಾನ ಕುಲುಕಿಸಿ, ಮಸ್ಲಿನ್ ಬಟ್ಟೆಯಲ್ಲಿ ಹಿಂಡಿ, ತಣ್ಣನೆಯ ಸೆಂಟ್ರಿಫ್ಯೂಜಿನಲ್ಲಿ ತಿಳಿಗೊಳಿಸಬೇಕು. ಸಿಗುವುದು ಹಾಲು ಹಾಕದ ಕಣ್ಣ ಚಾಯಿನ ಬಣ್ಣದ ತಿಳಿ ದ್ರವ. ಬಲ ಹೆಚ್ಚಿಸಲು ಒಂದು ಸರಳ ಉಪಾಯವಿದೆ: ತೆಂಗಿನಕಾಯಿ ಹಾಲು ತೆಗೆಯುವವರು ತೆಳು ಹಾಲನ್ನೇ ಮತ್ತೊಂದು ಕಾಯಿತುರಿಗೆ ಹಾಕಿ ಹಿಂಡುವಂತೆ, ಮೊದಲ ಫ್ಲಾಸ್ಕಿನ ಸಾರವನ್ನೇ ಎರಡನೆಯ ಫ್ಲಾಸ್ಕಿನ ಬೂಸಕ್ಕೆ ಹಾಕಿ ಹಿಂಡಬಹುದು. ಕಾಯಿಸಿ ಗಟ್ಟಿ ಮಾಡಲು ಹೋಗಬಾರದು, 60 ಡಿಗ್ರಿ ದಾಟಿದರೆ ಕಿಣ್ವ ಸಾಯತೊಡಗುತ್ತದೆ.

ಬಲವನ್ನು ಎಫ್‌ಪಿಯು (ಫಿಲ್ಟರ್ ಪೇಪರ್ ಯೂನಿಟ್) ಎಂಬ ಮಾನದಲ್ಲಿ ಹೇಳುತ್ತಾರೆ. ಅಳೆಯುವ ಕ್ರಮ ಹೀಗಿದೆ. 1 ಸೆಂ.ಮೀ. ಅಗಲ, 6 ಸೆಂ.ಮೀ. ಉದ್ದದ ವಾಟ್ಮನ್ 1ನೇ ನಂಬರಿನ ಸೋಸುಕಾಗದದ ಪಟ್ಟಿ, ಅಂದರೆ ಸುಮಾರು 50 ಮಿ.ಗ್ರಾಂ, ಪರೀಕ್ಷಾ ನಳಿಕೆಯೊಳಗೆ ಸುರುಳಿಯಾಗಿ ಇಳಿಸಿ, 1 ಮಿ.ಲೀ. ಬಫರ್, 0.5 ಮಿ.ಲೀ. ತೆಳು ಮಾಡಿದ ಕಿಣ್ವ ಹಾಕಿ, 50 ಡಿಗ್ರಿಯಲ್ಲಿ ಸರಿಯಾಗಿ 60 ನಿಮಿಷ ಇಟ್ಟು, ಸಕ್ಕರೆಯೊಂದಿಗೆ ಬಣ್ಣ ಕೊಡುವ ಡಿಎನ್‌ಎಸ್ ದ್ರಾವಣವನ್ನು 3 ಮಿ.ಲೀ. ಹಾಕಿ, ಕುದಿಯುವ ನೀರಿನಲ್ಲಿ 5 ನಿಮಿಷ ಇಟ್ಟು, ತಣಿಸಿ, ನೀರು ಬೆರೆಸಿ 540 ನ್ಯಾನೋಮೀಟರಿನಲ್ಲಿ ಬಣ್ಣ ಓದಬೇಕು. ಬೇರೆ ಬೇರೆ ತೆಳುವಿನಲ್ಲಿ ಮಾಡಿ, ಯಾವ ತೆಳುವಿನಲ್ಲಿ 2 ಮಿ.ಗ್ರಾಂ ಗ್ಲೂಕೋಸ್ ಬಿಡುಗಡೆಯಾಗುತ್ತದೆ ಎಂದು ಕಂಡುಕೊಂಡು, 0.37ನ್ನು ಆ ಪ್ರಮಾಣದಿಂದ ಭಾಗಿಸಬೇಕು. ಸಾರವನ್ನು ಅರ್ಧಕ್ಕೆ ತೆಳು ಮಾಡಿದಾಗ 2 ಮಿ.ಗ್ರಾಂ ಬಂದರೆ ಪ್ರಮಾಣ 0.5, ಬಲ ಮಿ.ಲೀ.ಗೆ 0.74 ಎಫ್‌ಪಿಯು.

ಇಲ್ಲಿ ಒಂದು ನಳಿಕೆಯನ್ನು ಕಾಗದವಿಲ್ಲದೆ, ಬರೀ ಕಿಣ್ವ ಮತ್ತು ಬಫರ್‌ನೊಂದಿಗೆ ಇಡುವುದನ್ನು ಮರೆಯಬಾರದು. ಗೋಧಿ ಬೂಸದ ಸಾರದಲ್ಲೇ ಸಕ್ಕರೆ ಇರುತ್ತದೆ. ಅದನ್ನು ಕಳೆಯದಿದ್ದರೆ ಸತ್ತ ಕಿಣ್ವವೂ ಬಲಶಾಲಿಯಾಗಿ ಕಾಣುತ್ತದೆ. ಬಹಳ ಸುಂದರವಾದ ಎಫ್‌ಪಿಯು ಅಂಕಿ, ಬಹಳ ಕೆಟ್ಟ ಎಥೆನಾಲ್ ಅಂಕಿ ಒಟ್ಟಿಗೆ ಬಂದ ವರದಿಗಳನ್ನು ನೋಡಿದಾಗ ನಾನು ಮೊದಲು ಹುಡುಕುವುದು ಈ ನಳಿಕೆಯ ಲೆಕ್ಕವನ್ನು.

## ಹಂತ 5: ತಿರುಳನ್ನು ಸಕ್ಕರೆಯಾಗಿಸುವುದು

ಪ್ರತಿ ಗ್ರಾಂ ಸೆಲ್ಯುಲೋಸಿಗೆ 10 ಎಫ್‌ಪಿಯು ಎಂದಿಟ್ಟುಕೊಂಡರೆ 39 ಗ್ರಾಂಗೆ 390 ಎಫ್‌ಪಿಯು, ಅಂದರೆ 0.74 ಬಲದ ಸಾರ ಸುಮಾರು 527 ಮಿ.ಲೀ. ಬೇಕು. ಒಟ್ಟು ದ್ರವದ ಅರ್ಧಕ್ಕಿಂತ ಹೆಚ್ಚು ಕಿಣ್ವವೇ ಆಗಿರುತ್ತದೆ. ಒಂದೆರಡು ಮಿ.ಲೀ. ಕಚ್ಚಾ ಸಾರ ಹಾಕಿ ಪವಾಡಕ್ಕೆ ಕಾಯುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ಅಂಗಡಿಯಿಂದ ಕೊಂಡ ಕಿಣ್ವವಾದರೂ ಡಬ್ಬಿಯ ಮೇಲಿನ ಅಂಕಿಯನ್ನು ನಂಬದೆ ಅಳೆದುಕೊಳ್ಳಬೇಕು.

1. 2 ಲೀಟರ್ ಫ್ಲಾಸ್ಕಿಗೆ 200 ಗ್ರಾಂ ಒದ್ದೆ ತಿರುಳಿನಲ್ಲಿ ಅರ್ಧವನ್ನು ಮಾತ್ರ ಹಾಕಬೇಕು. 16 ಮಿ.ಲೀ. 1 ಮೋಲಾರ್ ಬಫರ್, ಸುಮಾರು 155 ಮಿ.ಲೀ. ನೀರು ಸೇರಿಸಿ, ಪಿಎಚ್ 4.8ರಿಂದ 5.0ರ ನಡುವೆ ಇದೆಯೇ ಎಂದು ನೋಡಬೇಕು. ಪಿಎಚ್ ಸರಿಪಡಿಸುವುದು ಕಿಣ್ವ ಹಾಕುವ ಮೊದಲು. ಕಿಣ್ವದ ಮೇಲೆ ನೇರವಾಗಿ ಆಮ್ಲ ಅಥವಾ ಸೋಡಾ ಸುರಿಯಬಾರದು.

2. 50 ಡಿಗ್ರಿಗೆ ಬಿಸಿಯಾದ ಮೇಲೆ 527 ಮಿ.ಲೀ. ರೀಸೈ ಸಾರ, 100 ಮಿ.ಲೀ. ನೈಗರ್ ಸಾರ ಹಾಕಿ, ನಿಮಿಷಕ್ಕೆ 150 ಸುತ್ತಿನ ವೇಗದಲ್ಲಿ ಕುಲುಕಿಸಬೇಕು.

3. ಮಂದವಾದ ದ್ರವ ತೆಳುವಾದ ಮೇಲೆ ಉಳಿದ ತಿರುಳನ್ನು ಹಾಕಿ, ಪಿಎಚ್ ಮತ್ತೆ ನೋಡಬೇಕು. ಎಲ್ಲವನ್ನೂ ಒಮ್ಮೆಗೇ ಹಾಕಿದರೆ ನಾರು ನೀರನ್ನೆಲ್ಲ ಹೀರಿ ಮುದ್ದೆಯಾಗುತ್ತದೆ, ಶೇಕರ್ ತಿರುಗುತ್ತದೆ ಹೊರತು ಒಳಗಿನದು ಅಲುಗುವುದಿಲ್ಲ.

4. ಪಕ್ಕದಲ್ಲಿ ಎರಡು ಸಣ್ಣ ಫ್ಲಾಸ್ಕ್ ಇರಲಿ: ಒಂದರಲ್ಲಿ ತಿರುಳಿಲ್ಲದ ಕಿಣ್ವ, ಇನ್ನೊಂದರಲ್ಲಿ ಕಿಣ್ವವಿಲ್ಲದ ತಿರುಳು.

5. 0, 3, 6, 24, 48, 72ನೇ ಗಂಟೆಗಳಲ್ಲಿ 1 ಮಿ.ಲೀ. ತೆಗೆದು, ಕೂಡಲೇ 5 ನಿಮಿಷ ಕುದಿಯುವ ನೀರಿನಲ್ಲಿಟ್ಟು ಕಿಣ್ವವನ್ನು ನಿಲ್ಲಿಸಿ, ಸೆಂಟ್ರಿಫ್ಯೂಜ್ ಮಾಡಿ ಇಡಬೇಕು.

ಸರಿಯಾದ ದಾರಿಯಲ್ಲಿರುವ ಫ್ಲಾಸ್ಕನ್ನು ಉಪಕರಣವಿಲ್ಲದೆಯೂ ಗುರುತಿಸಬಹುದು. ಆರಂಭದಲ್ಲಿ ಓರೆ ಮಾಡಿದರೆ ಗಂಜಿಯ ಗಡ್ಡೆಯಂತೆ ಒಟ್ಟಾಗಿ ಜಾರುವ ತಿರುಳು, ಕೆಲವು ಗಂಟೆಗಳಲ್ಲಿ ಅಂಬಲಿಯಂತಾಗಿ, ಮರುದಿನ ಬೆಳಿಗ್ಗೆಗೆ ತಿಳಿಗಂಜಿಯಷ್ಟು ತೆಳುವಾಗಿ ಗಾಜಿನ ಗೋಡೆಯ ಮೇಲೆ ಸಣ್ಣ ಸಣ್ಣ ತುಣುಕುಗಳನ್ನಷ್ಟೇ ಬಿಡುತ್ತದೆ. ಆರು ಗಂಟೆಯಾದರೂ ಮುದ್ದೆ ಮುದ್ದೆಯಾಗಿಯೇ ಇದ್ದರೆ ಕಾಯುತ್ತ ಕೂರದೆ, ಪಿಎಚ್, ಉಷ್ಣತೆ, ಕಿಣ್ವದ ಬಲ, ಈ ಕ್ರಮದಲ್ಲಿ ಪರೀಕ್ಷಿಸಬೇಕು.

ಸಕ್ಕರೆಯನ್ನು ಎರಡು ವಿಧಾನದಲ್ಲಿ ಅಳೆಯುವುದು ಉತ್ತಮ. ಡಿಎನ್‌ಎಸ್ ಎಲ್ಲ ಅಪಕರ್ಷಕ (ರೆಡ್ಯೂಸಿಂಗ್) ಸಕ್ಕರೆಗಳನ್ನೂ ಒಟ್ಟಾಗಿ ತೋರಿಸುತ್ತದೆ; ಜಿಒಡಿ-ಪಿಒಡಿ ಕಿಟ್ ಗ್ಲೂಕೋಸನ್ನು ಮಾತ್ರ ತೋರಿಸುತ್ತದೆ. ಮೊದಲನೆಯದು ಏರುತ್ತ, ಎರಡನೆಯದು ತೀರಾ ಹಿಂದೆ ಉಳಿದರೆ ಸೆಲ್ಲೋಬಯೋಸ್ ಜಮೆಯಾಗುತ್ತಿದೆ, ನೈಗರ್ ಸಾರ ಇನ್ನಷ್ಟು ಬೇಕು. ಎರಡೂ ಏರಿ, ಆಮೇಲೆ ಇಳಿಯತೊಡಗಿ, ಪಿಎಚ್ ಕೂಡ ಕುಸಿದರೆ ಬ್ಯಾಕ್ಟೀರಿಯಾ ಸಕ್ಕರೆ ತಿನ್ನುತ್ತಿದೆ. ಹುಳಿ ಮೊಸರಿನ ವಾಸನೆಯೂ ಬರುತ್ತದೆ. ಕರೆಂಟ್ ಹೋಗಿ ಫ್ಲಾಸ್ಕ್ 50ರಿಂದ 35 ಡಿಗ್ರಿಗೆ ಇಳಿದು ಗಂಟೆಗಟ್ಟಲೆ ನಿಂತಾಗ ಇದು ಹೆಚ್ಚು. ಮಳೆಗಾಲದಲ್ಲಿ ಕೆಲಸ ಮಾಡುವವರು ಥರ್ಮೋಕೋಲ್ ಪೆಟ್ಟಿಗೆ ಮತ್ತು ಬಿಸಿನೀರಿನ ಬಾಟಲಿಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳಬೇಕು.

ಬ್ಯಾಕ್ಟೀರಿಯಾ, ಬೂಷ್ಟು ತಡೆಯಲೆಂದು ಕೆಲವು ಪ್ರಯೋಗಪುಸ್ತಕಗಳು ಸೋಡಿಯಂ ಅಜೈಡ್ ಅಥವಾ ಸೈಕ್ಲೋಹೆಕ್ಸಿಮೈಡ್ ಹಾಕಲು ಹೇಳುತ್ತವೆ. ಸಕ್ಕರೆ ಅಳೆದು ಮುಗಿಸುವ ಪ್ರಯೋಗಕ್ಕೆ ಅದು ಸರಿ. ಮುಂದೆ ಯೀಸ್ಟ್ ಹಾಕುವವರಿಗೆ ಅಲ್ಲ, ಎರಡೂ ಯೀಸ್ಟನ್ನು ಹಾಳು ಮಾಡುತ್ತವೆ.

## ಹಂತ 6: ಹುದುಗಿಸುವುದು

72 ಗಂಟೆಯ ನಂತರ ದ್ರವವನ್ನು 30ರಿಂದ 32 ಡಿಗ್ರಿಗೆ ತಣಿಸಿ, ಪಿಎಚ್ 5ರಿಂದ 5.5ಕ್ಕೆ ತರಬೇಕು. ತಿರುಳಿನ ಸಕ್ಕರೆಯಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಬೆಲ್ಲಕ್ಕೆ ಯೀಸ್ಟ್ ಹಾಕಿ ಅಭ್ಯಾಸವಿರುವವರು ಇದನ್ನು ಮರೆತು, ಹುದುಗು ಅರ್ಧಕ್ಕೆ ನಿಂತಾಗ ಕಂಗಾಲಾಗುತ್ತಾರೆ. ಬೂಸದ ಸಾರದಿಂದ ಸ್ವಲ್ಪ ಬಂದಿರುತ್ತದೆ. ಆದರೂ ಲೀಟರಿಗೆ ಯೀಸ್ಟ್ ಎಕ್ಸ್‌ಟ್ರಾಕ್ಟ್ 3 ಗ್ರಾಂ, ಅಮೋನಿಯಂ ಸಲ್ಫೇಟ್ 1 ಗ್ರಾಂ ಹಾಕುವುದು ಸುರಕ್ಷಿತ.

2 ಗ್ರಾಂ ಒಣ ಬೇಕರಿ ಯೀಸ್ಟನ್ನು 38 ಡಿಗ್ರಿಯ ನೀರಿನಲ್ಲಿ 15 ನಿಮಿಷ ನೆನೆಸಿ, ನೊರೆಯೆದ್ದ ಮೇಲೆ ಸುರಿಯಬೇಕು. 50 ಡಿಗ್ರಿಯ ದ್ರವ ತಣಿಯುವ ಮೊದಲೇ ಅವಸರದಿಂದ ಯೀಸ್ಟ್ ಹಾಕಿದರೆ ಅದು ಅಲ್ಲೇ ಸಾಯುತ್ತದೆ. ಬಾಯಿಗೆ ನೀರಿನ ಬಂಧವಿರುವ ಬಿರಡೆ ಹಾಕಬೇಕು. ಗಾಳಿಯಾಡದಂತೆ ಬಿಗಿದು ಮುಚ್ಚಿದರೆ ಅನಿಲದ ಒತ್ತಡಕ್ಕೆ ಗಾಜು ಸಿಡಿಯಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಶಿವಮೊಗ್ಗ ನಗರದ ಕೋಣೆಯ ಉಷ್ಣತೆಗೇ ಬಿಡದೆ ತಂಪಿನ ಇನ್‌ಕ್ಯುಬೇಟರಿನಲ್ಲಿ ಇಡುವುದು ಒಳಿತು.

ಹುದುಗನ್ನು ಗಮನಿಸಲು ತಕ್ಕಡಿಯೇ ಸಾಕು. 1 ಗ್ರಾಂ ಎಥೆನಾಲ್ ಆಗುವಾಗ 0.955 ಗ್ರಾಂ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಫ್ಲಾಸ್ಕನ್ನು ಬಿರಡೆಸಮೇತ ಬೆಳಿಗ್ಗೆ ಸಂಜೆ ತೂಗಿ ಬರೆದಿಡಬೇಕು. ಒಟ್ಟು 14 ಗ್ರಾಂ ಕಡಿಮೆಯಾಗಿದ್ದರೆ ಸುಮಾರು 14.7 ಗ್ರಾಂ ಎಥೆನಾಲ್ ಒಳಗಿದೆ ಎಂದರ್ಥ, ಅಂದರೆ 18 ಮಿ.ಲೀ.ಗಿಂತ ತುಸು ಹೆಚ್ಚು. 24ರಿಂದ 48 ಗಂಟೆಯಲ್ಲಿ ತೂಕ ಇಳಿಯುವುದು ನಿಲ್ಲುತ್ತದೆ.

ನಿಂತ ಮೇಲೂ ಡಿಎನ್‌ಎಸ್ ಪರೀಕ್ಷೆ ಸ್ವಲ್ಪ ಸಕ್ಕರೆ ತೋರಿಸುತ್ತದೆ. ಗಾಬರಿ ಬೇಡ. ಗಟ್ಟಿಮರದ ತಿರುಳಿನಲ್ಲಿರುವ ಕ್ಸೈಲಾನ್‌ನಿಂದ ಬರುವ ಕ್ಸೈಲೋಸ್ ಎಂಬ ಸಕ್ಕರೆಯನ್ನು ಬೇಕರಿ ಯೀಸ್ಟ್ ಮುಟ್ಟುವುದಿಲ್ಲ. ಜಿಒಡಿ-ಪಿಒಡಿಯಲ್ಲಿ ಗ್ಲೂಕೋಸ್ ಉಳಿದಿದ್ದರೆ ಮಾತ್ರ ಯೀಸ್ಟಿನ ತಪ್ಪು ಹುಡುಕಬೇಕು.

## ಹಂತ 7: ಬಟ್ಟಿ ಇಳಿಸಿ ಅಳೆಯುವುದು

ಹುದುಗಿದ ದ್ರವಕ್ಕೇ ಹೈಡ್ರೋಮೀಟರ್ ಇಳಿಬಿಡಬಾರದು, ಉಳಿದ ಸಕ್ಕರೆ, ಲವಣ, ನಾರಿನ ತುಣುಕು ಎಲ್ಲವೂ ಅಂಕಿಯನ್ನು ಕೆಡಿಸುತ್ತವೆ. ಸೋಸಿದ ದ್ರವದಲ್ಲಿ 200 ಮಿ.ಲೀ. ಅಳೆದು, ಕುದಿಕಲ್ಲು ಹಾಕಿ, ವಿದ್ಯುತ್ ಮ್ಯಾಂಟಲ್ ಮೇಲೆ ಬಟ್ಟಿ ಇಳಿಸಿ, ಮೊದಲ 100 ಮಿ.ಲೀ. ಹಿಡಿಯಬೇಕು. ಇಷ್ಟು ತೆಳು ದ್ರಾವಣದ ಎಥೆನಾಲ್ ಬಹುತೇಕ ಆ ಅರ್ಧದಲ್ಲೇ ಬಂದಿರುತ್ತದೆ. ಹಿಡಿದದ್ದನ್ನು ಬಟ್ಟಿ ನೀರು ಸೇರಿಸಿ ಮತ್ತೆ 200 ಮಿ.ಲೀ. ಮಾಡಿ, 20 ಡಿಗ್ರಿಯಲ್ಲಿ ಸಾಂದ್ರತೆಯ ಬಾಟಲಿಯಿಂದ ತೂಗಿ, ಕೋಷ್ಟಕದಲ್ಲಿ ಪ್ರಮಾಣ ನೋಡಬೇಕು. ಈ ಅಂಕಿ ತಕ್ಕಡಿಯ ಲೆಕ್ಕದೊಂದಿಗೆ ಹೊಂದದಿದ್ದರೆ ಜೋಡಣೆಯ ಸಂದಿಯಲ್ಲಿ ಆವಿ ಸೋರಿರುವ ಸಾಧ್ಯತೆಯೇ ಹೆಚ್ಚು.

ತಂಪುನಳಿಕೆಯ ನೀರು ಕೆಳಗಿನಿಂದ ಒಳಗೆ, ಮೇಲಿನಿಂದ ಹೊರಗೆ ಹರಿಯಬೇಕು. ಬುನ್‌ಸೆನ್ ಬರ್ನರ್ ಬಳಸುವಂತಿಲ್ಲ. ಗಾಢ ಎಥೆನಾಲ್‌ನ ಆವಿ ಸುಮಾರು 13 ಡಿಗ್ರಿಯಲ್ಲೇ ಕಿಡಿಗೆ ಹೊತ್ತಿಕೊಳ್ಳಬಲ್ಲದು, ಅಂದರೆ ನಮ್ಮ ಕೋಣೆಯ ತಣ್ಣನೆಯ ದಿನವೂ ಸುರಕ್ಷಿತವಲ್ಲ. ಅದರ ಉರಿ ಹಗಲಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ.

ಮತ್ತೆ ಮತ್ತೆ ಬಟ್ಟಿ ಇಳಿಸಿ ಗಾಢಗೊಳಿಸುತ್ತ ಹೋದರೂ ತೂಕದಲ್ಲಿ ಶೇ. 95.6ರ ಹತ್ತಿರ ಎಥೆನಾಲ್ ಮತ್ತು ನೀರು ಒಂದೇ ಪ್ರಮಾಣದಲ್ಲಿ ಆವಿಯಾಗತೊಡಗುತ್ತವೆ, ಅಲ್ಲಿಂದ ಮುಂದೆ ಬಟ್ಟಿ ಕೆಲಸ ಮಾಡುವುದಿಲ್ಲ. ಪೆಟ್ರೋಲಿಗೆ ಬೆರೆಸುವಷ್ಟು ನೀರಿಲ್ಲದ ಎಥೆನಾಲ್ ಬೇಕಾದರೆ ನೀರನ್ನು ಹೀರಿಕೊಳ್ಳುವ 3ಎ ಮಾಲೆಕ್ಯುಲರ್ ಸೀವ್ ಮಣಿಗಳ ಮೂಲಕ ಹಾಯಿಸಬೇಕು. ಲೀಟರಿಗೆ 15 ಗ್ರಾಂನ ದ್ರಾವಣವನ್ನು ಅಲ್ಲಿಯವರೆಗೆ ಒಯ್ಯಲು ಬೇಕಾಗುವ ಶಾಖ ಸಿಗುವ ಇಂಧನಕ್ಕಿಂತ ದುಬಾರಿ. ಆದ್ದರಿಂದ ವಿದ್ಯಾರ್ಥಿಗಳು ಅಳತೆಗೇ ನಿಲ್ಲಿಸಿ, ಉಳಿದ ಸಮಯವನ್ನು ಐದನೆಯ ಹಂತದಲ್ಲಿ ತಿರುಳಿನ ಪ್ರಮಾಣವನ್ನು ಕಂತುಗಳಲ್ಲಿ ಹೆಚ್ಚಿಸಿ, ಲೀಟರಿಗೆ 40 ಗ್ರಾಂ ಎಥೆನಾಲಿನತ್ತ ಸಾಗುವುದಕ್ಕೆ ಬಳಸಿದರೆ ಹೆಚ್ಚು ಕಲಿಯುತ್ತಾರೆ ಎಂಬುದು ನನ್ನ ಅಭಿಪ್ರಾಯ.

## ಉಳಿದದ್ದನ್ನು ಏನು ಮಾಡಬೇಕು

ಸೋಸಿದ ಬಟ್ಟೆಯ ಮೇಲೆ ಉಳಿದ ನಾರನ್ನು ಎಸೆಯುವ ಮುನ್ನ ತೊಳೆದು, 105 ಡಿಗ್ರಿಯಲ್ಲಿ ಒಣಗಿಸಿ ತೂಗಬೇಕು. 50 ಗ್ರಾಂ ಹಾಕಿದ್ದರಲ್ಲಿ ಎಷ್ಟು ಕರಗದೆ ಉಳಿಯಿತು ಎಂಬ ಈ ಅಂಕಿ, ಸಕ್ಕರೆಯ ಅಂಕಿಗೆ ಸ್ವತಂತ್ರ ಸಾಕ್ಷಿಯಾಗುತ್ತದೆ; ಯೀಸ್ಟಿನ ಕೋಶಗಳೂ ಅದರಲ್ಲಿ ಸೇರಿರುತ್ತವೆ ಎಂಬುದನ್ನು ಗಮನದಲ್ಲಿಟ್ಟರೆ ಸಾಕು. ಶಿಲೀಂಧ್ರ ಬೆಳೆದ ಬೂಸವನ್ನು ಮಾತ್ರ ಆಟೋಕ್ಲೇವ್ ಮಾಡಿದ ಮೇಲೆಯೇ ಹೊರಗೆ ಹಾಕಬೇಕು. ಹೇಗೂ ಟ್ರೈಕೋಡರ್ಮಾ ತಾನೇ ಎಂದು ಹಾಗೆಯೇ ತೋಟಕ್ಕೆ ಚೆಲ್ಲಿದರೆ, ಜೊತೆಗಿದ್ದ ನೈಗರ್‌ನ ಕಪ್ಪು ಬೀಜಕಗಳೂ ಗಾಳಿಗೆ ಸೇರುತ್ತವೆ.